ಸಾಮ್ರಾಜ್ಯಗಳಿಗೆ ಸಾಲ ಹುಟ್ಟುತ್ತಿತ್ತೇ?

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ‘ಯಾವ ಕಾಲಕ್ಕೆ ಯಾವ ಯುರೋಪಿಯನ್ ಸಾಮ್ರಾಜ್ಯ ಬಲಾಢ್ಯ’ ಎಂದು ಪ್ರಕಟವಾದ ಪಟ್ಟಿಯನ್ನೂ ಅದರ ಮೇಲೆ ಎರಡು ವಾರಗಳಿಂದ ಈ ಅಂಕಣದಲ್ಲಿ ನಡೆದಿರುವ ವಾಗ್ವಾದವನ್ನೂ ಓದಿದ್ದೇನೆ. ಪೋರ್ಚುಗಲ್ಲನ್ನು ಒಂದೇ ಶತಮಾನಕ್ಕೆ ಮುಗಿಸಿದ್ದು ಅನ್ಯಾಯವೆಂದು ಕುಮಟೆಯ ಓದುಗರೊಬ್ಬರು ಬರೆದಿದ್ದಾರೆ. ತುರ್ಕರ ಆಟೊಮನ್ ಸಾಮ್ರಾಜ್ಯವನ್ನು ಯುರೋಪಿನದೆಂದು ಎಣಿಸಿದ್ದೇ ತಪ್ಪೆಂದು ಕಾರವಾರದ ಇನ್ನೊಬ್ಬರು ವಾದಿಸಿದ್ದಾರೆ. ಇಬ್ಬರಿಗೂ ಮುಂದೆ ಉತ್ತರಿಸುತ್ತೇನೆ. ಆದರೆ ನನ್ನ ತಕರಾರು ಹೆಸರುಗಳ ಮೇಲಲ್ಲ, ಅಳತೆಗೋಲಿನ ಮೇಲೆ. ಪ್ರತಿ ಸಾಮ್ರಾಜ್ಯದ ಎದುರು ಅದು ಅತ್ಯಂತ ಹಿಗ್ಗಿದ್ದ ವರ್ಷದ ನಕಾಶೆಯನ್ನು ಹಾಕಿ, ಬಣ್ಣ ಎಷ್ಟು ದೂರ ಹರಡಿದೆಯೋ ಅಷ್ಟು ಬಲ ಎಂಬಂತೆ ಆ ಪಟ್ಟಿಯನ್ನು ಜೋಡಿಸಲಾಗಿದೆ.

ನಾನು ಶಿರಸಿಯ ಅಡಕೆ ವಖಾರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಕಿರ್ದಿ, ಖಾತೆ ಬರೆದು ನಿವೃತ್ತನಾದವನು. ತಮ್ಮ ಪತ್ರಿಕೆಯ ಮಾರುಕಟ್ಟೆ ಪುಟದಲ್ಲಿ ಚಾಲಿ, ರಾಶಿ, ಬೆಟ್ಟೆ ಎಂಬ ಅಡಕೆಯ ಬಗೆಗಳೆಲ್ಲಕ್ಕೂ ಕನಿಷ್ಠ, ಗರಿಷ್ಠ, ಸರಾಸರಿ ಎಂದು ಮೂರು ದರಗಳು ಅಚ್ಚಾಗುತ್ತವೆ. ಆ ದಿನ ಟೆಂಡರಿಗೆ ಬಂದ ಮಹಸೂಲಿನಲ್ಲಿ ಎಲ್ಲೋ ನಾಲ್ಕು ಚೀಲಕ್ಕೆ ಬಿದ್ದ ದರವನ್ನು ಗರಿಷ್ಠ ಎನ್ನುತ್ತಾರೆ. ಅದನ್ನು ನಂಬಿ ಯಾವ ತೋಟಿಗನೂ ಮನೆ ಕಟ್ಟಲು ಹೊರಡುವುದಿಲ್ಲ. ತಮ್ಮ ಪಟ್ಟಿ ಸಾಮ್ರಾಜ್ಯಗಳ ಗರಿಷ್ಠ ದರವನ್ನಷ್ಟೇ ಅಚ್ಚು ಮಾಡಿದೆ.

ವಖಾರಿಯಲ್ಲಿ ಬಲವನ್ನು ಹೇಗೆ ಅಳೆಯುತ್ತಿದ್ದರೆಂಬುದಕ್ಕೆ ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಮಳೆಗಾಲದಲ್ಲಿ, ಕೊನೆಕೊಯ್ಲಿಗೆ ಇನ್ನೂ ಮೂರ್ನಾಲ್ಕು ತಿಂಗಳಿರುವಾಗ, ಮುಂಗಡ ಕೇಳಲು ಬರುವವರ ಸಾಲು ಹತ್ತುತ್ತಿತ್ತು. ಒಂದು ವರ್ಷ, ಹತ್ತಾರು ಎಕರೆ ತೋಟ, ಎರಡು ಅಂತಸ್ತಿನ ಮನೆ, ಜೀಪು ಎಲ್ಲ ಇದ್ದ ಒಬ್ಬರು ಬಂದು ಕುರ್ಚಿಯಲ್ಲಿ ಕೂತರು. ಎರಡು ಎಕರೆಯ ಇನ್ನೊಬ್ಬರು ಕೊಡೆ ಮಡಚಿಕೊಂಡು ಬಾಗಿಲಲ್ಲೇ ನಿಂತಿದ್ದರು. ಯಜಮಾನರು ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಇಬ್ಬರ ಖಾತೆಯನ್ನೂ ತೆಗೆದಿಟ್ಟೆ. ಜೀಪಿನವರಿಗೆ ಚಹ ಕೊಡಿಸಿ, ಹವಾಮಾನದ ಮಾತಾಡಿ, ಬರಿಗೈಲಿ ಕಳಿಸಲಾಯಿತು. ಕೊಡೆಯವರಿಗೆ ಚೀಟಿಯೂ ಇಲ್ಲದೆ ಹಣ ಸಂದಿತು. ತೋಟ ಎಷ್ಟಿದೆ ಎಂಬುದನ್ನಲ್ಲ, ಕಷ್ಟ ಬಂದ ದಿನ ಸಾಲ ಹುಟ್ಟುತ್ತದೆಯೇ, ಹುಟ್ಟಿದರೆ ಯಾವ ಬಡ್ಡಿಗೆ ಹುಟ್ಟುತ್ತದೆ ಎಂಬುದನ್ನು ನಮ್ಮಲ್ಲಿ ಪತ್ತು ಎನ್ನುತ್ತಾರೆ. ಯುರೋಪಿನ ಸಾಮ್ರಾಜ್ಯಗಳನ್ನೂ ಈ ಪತ್ತಿನಿಂದಲೇ ಅಳೆಯಬೇಕೆಂಬುದು ನನ್ನ ವಾದ. ಸಾಲಪತ್ರಗಳ ವ್ಯವಹಾರ ಬೆಳೆಯುವ ಮುಂಚಿನ ಕಾಲಕ್ಕೆ ನಾಣ್ಯದ ಶುದ್ಧಿಯನ್ನೇ ಪತ್ತೆಂದು ಹಿಡಿಯಬಹುದು.

ರೋಮಿನಿಂದಲೇ ಆರಂಭಿಸೋಣ. ಟ್ರಾಜನ್ ಚಕ್ರವರ್ತಿ ತೀರಿಕೊಂಡ ಕ್ರಿ.ಶ. 117ರ ನಕಾಶೆಯನ್ನು ಪುರವಣಿ ಕೊಟ್ಟಿದೆ. ಆದರೆ ಮೊದಲು ಹೆಚ್ಚುಕಡಿಮೆ ಅಪ್ಪಟವಾಗಿದ್ದ ರೋಮಿನ ಬೆಳ್ಳಿ ನಾಣ್ಯಕ್ಕೆ ನೀರೋ ಕಾಲದಿಂದಲೇ ತಾಮ್ರ ಬೆರೆಯತೊಡಗಿತ್ತು. 260ರ ದಶಕದ ಹೊತ್ತಿಗೆ ಅದು ಬೆಳ್ಳಿಯ ಬಣ್ಣ ಬಳಿದ ತಾಮ್ರವಾಗಿತ್ತು. ಆ ದಶಕಗಳಲ್ಲಿ ಸೈನ್ಯವು ಚಕ್ರವರ್ತಿಗಳನ್ನು ಒಬ್ಬರಾದ ಮೇಲೊಬ್ಬರಂತೆ ಕೊಂದು ಬದಲಾಯಿಸಿದ್ದಕ್ಕೂ ಸಂಬಳದ ನಾಣ್ಯ ಸವಕಲಾದದ್ದಕ್ಕೂ ನಂಟಿಲ್ಲವೆನ್ನಲು ನನಗಂತೂ ಧೈರ್ಯವಿಲ್ಲ. ಮೆಣಸಿನ ವ್ಯಾಪಾರ ಕಂಡವನಾದ್ದರಿಂದ ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. 408ರಲ್ಲಿ ಗಾಥ್ ಜನರ ದೊರೆ ಅಲಾರಿಕ್ ರೋಮ್ ನಗರಕ್ಕೆ ಮುತ್ತಿಗೆ ಹಾಕಿ, ಬಿಟ್ಟುಹೋಗಲು ಕೇಳಿದ ಕಪ್ಪದಲ್ಲಿ ಐದು ಸಾವಿರ ಪೌಂಡ್ ಚಿನ್ನ, ಮೂವತ್ತು ಸಾವಿರ ಪೌಂಡ್ ಬೆಳ್ಳಿಯ ಜೊತೆಗೆ ಮೂರು ಸಾವಿರ ಪೌಂಡ್ ಕಾಳುಮೆಣಸೂ ಇತ್ತು. ಆ ಕಾಲದ ಪೌಂಡು ಚಿಕ್ಕದು. ಇಂದಿನ ತೂಕದಲ್ಲಿ ಅದು ಹತ್ತು ಕ್ವಿಂಟಲ್ಲಿಗೆ ತುಸು ಕಡಿಮೆ. ನಮ್ಮ ಒಂದು ಲಾರಿಯೂ ತುಂಬದಷ್ಟು ಮೆಣಸನ್ನು ಕಪ್ಪವಾಗಿ ಅಳೆದುಕೊಡುವ ಗತಿ ಜಗತ್ತನ್ನಾಳಿದ ನಗರಕ್ಕೆ ಬಂದಿತ್ತು.

ಪುರವಣಿ ಅರ್ಧ ಸಾಲಿನಲ್ಲಿ ದಾಟಿಹೋದ ಬೈಜಾಂಟಿಯಮ್ಮಿಗೆ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯಕ್ಕೆ, ನಾನಾದರೆ ಇನ್ನೂ ಹೆಚ್ಚು ಜಾಗ ಕೊಡುತ್ತಿದ್ದೆ. ಕಾನ್‌ಸ್ಟಾಂಟೈನ್ ಹೊರಡಿಸಿದ ನಾಲ್ಕೂವರೆ ಗ್ರಾಂ ತೂಕದ ಚಿನ್ನದ ನಾಣ್ಯ ಸುಮಾರು ಏಳು ನೂರು ವರ್ಷ ತೂಕದಲ್ಲೂ ಶುದ್ಧಿಯಲ್ಲೂ ಹೆಚ್ಚು ಕದಲಲಿಲ್ಲ. ಏಳನೆಯ ಶತಮಾನದಲ್ಲಿ ಅರಬರು ಈಜಿಪ್ತನ್ನೂ ಸಿರಿಯಾವನ್ನೂ ಕಿತ್ತುಕೊಂಡು ನಕಾಶೆ ಅರ್ಧಕ್ಕಿಳಿದಾಗಲೂ ನಾಣ್ಯ ಕೆಡಲಿಲ್ಲ, ರಾಜ್ಯವೂ ಉಳಿಯಿತು. ಬೆರಕೆ ಶುರುವಾದದ್ದು 1030ರ ದಶಕದಲ್ಲಿ. ತುರ್ಕರ ಕೈಯಲ್ಲಿ ಮಾಂಜಿಕೆರ್ಟಿನ ಸೋಲು ಬಂದದ್ದು 1071ರಲ್ಲಿ. ಮೊದಲು ಕೆಟ್ಟದ್ದು ಟಂಕಸಾಲೆ, ಆಮೇಲೆ ರಣರಂಗ. ಇನ್ನು 1806ರವರೆಗೆ ಹೆಸರು ಹೊತ್ತು ನಡೆದ ಪವಿತ್ರ ರೋಮನ್ ಸಾಮ್ರಾಜ್ಯದ ವಿಷಯ ಹೆಚ್ಚೇನೂ ಹೇಳಬೇಕಿಲ್ಲ: ಬಿರುದು ದೊಡ್ಡದಿತ್ತು, ಸ್ವಂತದ ಬೊಕ್ಕಸ ಎಂದೂ ಗಟ್ಟಿಯಿರಲಿಲ್ಲ.

ಹದಿನಾರನೆಯ ಶತಮಾನಕ್ಕೆ ಬಂದರೆ ನಮ್ಮ ಕರಾವಳಿಯೇ ಸಾಕ್ಷಿಗೆ ನಿಲ್ಲುತ್ತದೆ. ಕುಮಟೆಯ ಓದುಗರು ಹೇಳುವಂತೆ ಪೋರ್ಚುಗೀಸರ ವೇಗ ಬೆರಗು ಹುಟ್ಟಿಸುವಂಥದ್ದೇ. 1498ರಲ್ಲಿ ಗಾಮ ಬಂದ. 1510ರಲ್ಲಿ ಹೊನ್ನಾವರದ ತಿಮ್ಮೋಜನ ನೆರವಿನಿಂದ ಅಲ್ಬುಕರ್ಕ್ ಗೋವೆಯನ್ನು ಹಿಡಿದ. 1511ಕ್ಕೆ ಮಲಕ್ಕಾ, 1515ಕ್ಕೆ ಹೋರ್ಮುಜ್ ಕೈವಶವಾದವು. ತಮ್ಮ ರಹದಾರಿ ಚೀಟಿಯಿಲ್ಲದೆ ಯಾವ ಹಡಗೂ ಅರಬ್ಬೀ ಸಮುದ್ರದಲ್ಲಿ ಸಂಚರಿಸಕೂಡದೆಂದು ವಿಧಿಸಿದರು. ಇಷ್ಟೆಲ್ಲ ಮಾಡಿದ ನಾಡಿನ ಜನಸಂಖ್ಯೆ ಹದಿನೈದು ಲಕ್ಷ ದಾಟಿರಲಿಲ್ಲ. ಆದರೆ ಅವರ ಬಲ ತೋಪಿನ ಗುಂಡು ಬೀಳುವಷ್ಟು ದೂರದ್ದು. ಗೋವೆಯಲ್ಲಿ ಉಣ್ಣುತ್ತಿದ್ದ ಅಕ್ಕಿ ಹೊನ್ನಾವರ, ಬಸರೂರು, ಮಂಗಳೂರುಗಳಿಂದ ಹೋಗಬೇಕಿತ್ತು. ಮೆಣಸು ಗೇರುಸೊಪ್ಪೆಯ ಘಟ್ಟದಿಂದ ಇಳಿಯಬೇಕಿತ್ತು. ಮೆಣಸಿನ ರಾಣಿಯೆಂದು ಅವರೇ ಕರೆದ ಚೆನ್ನಭೈರಾದೇವಿಯೊಡನೆ ಒಮ್ಮೆ ಯುದ್ಧ, ಒಮ್ಮೆ ವ್ಯಾಪಾರ ಎಂದು ಅವರು ಏಗುತ್ತಲೇ ಇದ್ದರು. 1569ರಲ್ಲಿ ವಶಪಡಿಸಿಕೊಂಡ ಹೊನ್ನಾವರದ ಕೋಟೆಯನ್ನು 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕ ಕಿತ್ತುಕೊಂಡ. ಬಸರೂರು, ಮಂಗಳೂರಿನ ಕೋಟೆಗಳೂ ಅದೇ ದಾರಿ ಹಿಡಿದವು. ಅನ್ನದ ಕೀಲಿಕೈ ಬೇರೆಯವರ ಸೊಂಟದಲ್ಲಿದ್ದ ರಾಜ್ಯವನ್ನು ಶತಮಾನದ ಬಲಾಢ್ಯ ಎಂದು ನಾನು ಬರೆಯಲಾರೆ.

ಅದೇ ಶತಮಾನದ ಸ್ಪೇನ್ ಇನ್ನೂ ಸ್ವಾರಸ್ಯಕರವಾದ ಖಾತೆ. 1545ರಲ್ಲಿ ದಕ್ಷಿಣ ಅಮೆರಿಕದ ಪೊಟೊಸಿಯ ಬೆಳ್ಳಿ ಬೆಟ್ಟವೇ ಕೈಗೆ ಬಂತು. ಅಷ್ಟಾದರೂ ಎರಡನೆಯ ಫಿಲಿಪ್ 1557, 1560, 1575 ಮತ್ತು 1596ರಲ್ಲಿ ಸಾಲ ಕೊಟ್ಟವರಿಗೆ ಕೈಯೆತ್ತಿದ. ಹಡಗು ಸೆವಿಲ್ ಬಂದರಿಗೆ ತಾಗುವ ಮೊದಲೇ ಅದರೊಳಗಿನ ಬೆಳ್ಳಿ ಜಿನೋವಾದ ಲೇವಾದೇವಿಗಾರರ ಹೆಸರಿಗೆ ಬರೆದಾಗಿರುತ್ತಿತ್ತು. 1575ರ ದಿವಾಳಿಯ ಪರಿಣಾಮವನ್ನಂತೂ ಹತ್ತಿರದಿಂದ ನೋಡಬೇಕು. ಸಾಲದ ಬಾಗಿಲು ಮುಚ್ಚಿದ್ದರಿಂದ ನೆದರ್‌ಲ್ಯಾಂಡ್ಸಿನ ದಂಗೆಯನ್ನು ಅಡಗಿಸಲು ಹೋಗಿದ್ದ ಸೈನ್ಯಕ್ಕೆ ಸಂಬಳ ಹೋಗಲಿಲ್ಲ. ತಿಂಗಳುಗಟ್ಟಲೆ ಕಾದ ಸೈನಿಕರು 1576ರ ನವೆಂಬರಿನಲ್ಲಿ ಆಂಟ್‌ವರ್ಪ್ ನಗರಕ್ಕೆ ನುಗ್ಗಿ ಮೂರು ದಿನ ಸುಲಿದು, ಸುಟ್ಟು, ಸಾವಿರಾರು ಜನರನ್ನು ಕೊಂದರು. ಆ ನಗರ ಶತ್ರುವಿನದಲ್ಲ. ಉತ್ತರ ಯುರೋಪಿನ ಹಣದ ಪೇಟೆಯಾಗಿದ್ದ, ಅದೇ ಅರಸನ ಒಡೆತನದ ನಗರ. ಸಂಬಳ ಕಾಣದ ಕಾವಲುಗಾರ ಯಜಮಾನನ ವಖಾರಿಗೇ ಬೆಂಕಿಯಿಟ್ಟಂತಾಯಿತು. ಅಲ್ಲಿನ ವರ್ತಕರೂ ಅವರ ದುಡ್ಡೂ ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಗುಳೆ ಹೋದವು. 1588ರಲ್ಲಿ ಇಂಗ್ಲೆಂಡಿನ ಮೇಲೆ ಹೋದ ಸುಮಾರು 130 ಹಡಗುಗಳ ಸೋಲನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಸ್ಪೇನ್ ಸೋತದ್ದು ಅದಕ್ಕೂ ಹನ್ನೆರಡು ವರ್ಷ ಮುಂಚೆ.

ಇನ್ನು ಕಾರವಾರದ ಓದುಗರಿಗೆ. ಈಜಿಪ್ತನ್ನೂ ಸಿರಿಯಾವನ್ನೂ ಆಳಿದ ರೋಮ್ ಯುರೋಪಿನದಾಗುವುದಾದರೆ, 1453ರಿಂದ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ರಾಜಧಾನಿ ಕಟ್ಟಿಕೊಂಡು, ಬಾಲ್ಕನ್ ನಾಡುಗಳನ್ನು ಶತಮಾನಗಟ್ಟಲೆ ಆಳಿ, ಬುಡಾ ನಗರವನ್ನೇ ಸುಮಾರು ಒಂದೂವರೆ ಶತಮಾನ ಇಟ್ಟುಕೊಂಡಿದ್ದ ಆಟೊಮನ್ನರು ಏಕಾಗಬಾರದು? ಸುಲೇಮಾನನ ಕಾಲದಲ್ಲಿ, ಅಂದರೆ 1520ರಿಂದ 1566ರವರೆಗೆ, ಯುರೋಪಿನಲ್ಲಿ ಅವರನ್ನು ಮೀರಿಸಿದವರಿರಲಿಲ್ಲ ಎಂದೇ ನನ್ನ ಎಣಿಕೆ. 1571ರಲ್ಲಿ ಲೆಪಾಂಟೋದಲ್ಲಿ ನೌಕಾಪಡೆಯೇ ನಾಶವಾದರೂ ಮರುವರ್ಷದೊಳಗೆ ಅದನ್ನು ಮತ್ತೆ ಕಟ್ಟಿ ನಿಲ್ಲಿಸುವ ತಾಕತ್ತು ಆಗಲೂ ಉಳಿದಿತ್ತು. ಅಲ್ಲಿಯೂ ಕಥೆ ತಿರುಗಿದ್ದು ನಾಣ್ಯದಿಂದಲೇ: 1580ರ ದಶಕದಲ್ಲಿ ಬೆಳ್ಳಿ ನಾಣ್ಯವನ್ನು ತೆಳುಮಾಡಿದರು, 1589ರಲ್ಲಿ ಸವಕಲು ಸಂಬಳ ಪಡೆದ, ಸುಲ್ತಾನನ ಖಾಸಾ ಕಾಲಾಳುಗಳಾದ ಜಾನಿಸರಿ ಪಡೆ ಅರಮನೆಯ ಮುಂದೆಯೇ ದಂಗೆಯೆದ್ದಿತು.

ಹದಿನೇಳನೆಯ ಶತಮಾನಕ್ಕೆ ಪಟ್ಟಿ ಹದಿನಾಲ್ಕನೆಯ ಲೂಯಿಯ ಫ್ರಾನ್ಸನ್ನು ಬರೆದಿದೆ. ನಾನು ಆ ಹೆಸರನ್ನು ಹೊಡೆದುಹಾಕಿ, ಇಪ್ಪತ್ತು ಲಕ್ಷ ಜನರೂ ಇರದ, ಅರಸನೂ ಇಲ್ಲದ ಡಚ್ ಗಣರಾಜ್ಯವನ್ನು ಬರೆಯುತ್ತೇನೆ. 1602ರಲ್ಲಿ ಅವರ ಪೂರ್ವದೇಶದ ಕಂಪನಿ, 1609ರಲ್ಲಿ ಆಮ್‌ಸ್ಟರ್‌ಡ್ಯಾಮ್ ಬ್ಯಾಂಕು ಹುಟ್ಟಿದವು. ಪೋರ್ಚುಗೀಸರಿಂದ 1641ರಲ್ಲಿ ಮಲಕ್ಕಾವನ್ನೂ 1663ರಲ್ಲಿ ಕೊಚ್ಚಿಯನ್ನೂ ಕಿತ್ತುಕೊಂಡರು. ಇದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿದೆ. ಹಾಲೆಂಡ್ ಪ್ರಾಂತ್ಯ ತನ್ನ ಸಾಲಕ್ಕೆ ಕೊಡುತ್ತಿದ್ದ ಬಡ್ಡಿ 1640ರಲ್ಲಿ ನೂರಕ್ಕೆ ಐದಕ್ಕೂ 1655ರಲ್ಲಿ ನಾಲ್ಕಕ್ಕೂ ಇಳಿಯಿತು. ಸಾಲ ಕೊಟ್ಟವರು, ತೆರಿಗೆ ತೆರುವವರು, ಸಭೆಯಲ್ಲಿ ಕೂತು ತೆರಿಗೆ ಗೊತ್ತುಮಾಡುವವರು ಬಹುಮಟ್ಟಿಗೆ ಒಂದೇ ಜನವಾಗಿದ್ದರು; ತಮ್ಮ ದುಡ್ಡನ್ನು ತಾವೇ ಮುಳುಗಿಸಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ.

ಆ ಹೊತ್ತಿನ ಇಂಗ್ಲೆಂಡನ್ನು ಕಾರವಾರದಿಂದ ನೋಡಬೇಕು. 1638ರಲ್ಲಿ ಇಲ್ಲಿ ಮೊದಲು ಕೋಠಿ ತೆರೆದದ್ದು ಈಸ್ಟ್ ಇಂಡಿಯಾ ಕಂಪನಿಯಲ್ಲ, ಅದಕ್ಕೆ ಎದುರಾಳಿಯಾದ ಕೋರ್ಟೀನ್ ಎಂಬವನ ಕೂಟ; ಅವನು ಕೆಲವೇ ವರ್ಷಗಳಲ್ಲಿ ದಿವಾಳಿಯಾದ. ಮುಂದೆ ಇಂಗ್ಲೆಂಡಿನ ಅರಸ ಎರಡನೆಯ ಚಾರ್ಲ್ಸನಿಗೆ ಪೋರ್ಚುಗೀಸರಿಂದ ಮದುವೆಯ ಬಳುವಳಿಯಾಗಿ ಬಂದ ಮುಂಬಯಿಯನ್ನು ವಹಿಸಿಕೊಳ್ಳಲು 1662ರಲ್ಲಿ ಬಂದ ಇಂಗ್ಲಿಷ್ ಸೈನಿಕರನ್ನು ಪೋರ್ಚುಗೀಸ್ ಅಧಿಕಾರಿಗಳು ಒಳಗೆ ಬಿಡಲಿಲ್ಲ. ಅವರು ಹೋಗಿ ಕೂತದ್ದು, ಬಿಣಗಾದ ಎದುರು ಇಂದು ನೌಕಾನೆಲೆಯ ಅಲೆತಡೆ ಗೋಡೆ ಹೋಗಿ ಮುಟ್ಟಿರುವ ನಮ್ಮ ಅಂಜುದೀವ ದ್ವೀಪದಲ್ಲಿ. ಮಳೆಗೂ ಜ್ವರಕ್ಕೂ ಸಿಕ್ಕಿ, ನಾನೂರಕ್ಕೂ ಹೆಚ್ಚು ಮಂದಿಯಲ್ಲಿ 1665ರಲ್ಲಿ ಮುಂಬಯಿಗೆ ಕಾಲಿಡಲು ಉಳಿದವರು ನೂರರ ಆಸುಪಾಸು. ಅವರ ನಾಯಕ ಅಬ್ರಹಾಂ ಶಿಪ್‌ಮನ್ ದ್ವೀಪದಲ್ಲೇ ಮಣ್ಣಾದ. ಅದೇ 1665ರಲ್ಲಿ ಶಿವಾಜಿ ಕಾರವಾರಕ್ಕೆ ಬಂದು ವಂತಿಗೆ ಕೇಳಿದಾಗ ಇಂಗ್ಲಿಷರು ತಮ್ಮ ಪಾಲಿನ 112 ಪೌಂಡ್ ಎಣಿಸಿಕೊಟ್ಟರು. ಬಲಾಢ್ಯರು ಯಾರೆಂದು ಆ ದಿನ ಕೋಠಿಯವರನ್ನು ಕೇಳಿದ್ದರೆ ಅವರ ಬಾಯಲ್ಲಿ ಯುರೋಪಿನ ಹೆಸರು ಬರುತ್ತಿರಲಿಲ್ಲ.

ಎರಡು ವರ್ಷ ಬಿಟ್ಟು, 1667ರ ಜೂನಿನಲ್ಲಿ, ಡಚ್ ನೌಕಾಪಡೆ ಲಂಡನ್ನಿಗೆ ಸಮೀಪದ ಮೆಡ್‌ವೇ ನದಿಯೊಳಗೇ ನುಗ್ಗಿ, ಲಂಗರು ಹಾಕಿದ್ದ ಯುದ್ಧನೌಕೆಗಳನ್ನು ಸುಟ್ಟು, ಅರಸನ ಹೆಸರಿನ ಹಡಗನ್ನೇ ಎಳೆದುಕೊಂಡು ಹೋಯಿತು. ಡಚ್ಚರ ಹಡಗುಗಳಲ್ಲಿ ಇಂಗ್ಲಿಷ್ ನಾವಿಕರೂ ಇದ್ದರು. ತಮ್ಮ ಅರಸನ ಬಳಿ ಅವರಿಗೆ ಸಂಬಳದ ಬದಲು ಸಿಗುತ್ತಿದ್ದದ್ದು ‘ಮುಂದೆ ಕೊಡಲಾಗುವುದು’ ಎಂಬ ಚೀಟಿ. ಡಚ್ಚರು ಕೊಡುತ್ತಿದ್ದದ್ದು ನಗದು. ಮರುವರ್ಷ ಆ ಅರಸ ಮುಂಬಯಿಯನ್ನು ವರ್ಷಕ್ಕೆ ಹತ್ತು ಪೌಂಡ್ ಗೇಣಿಗೆ ಕಂಪನಿಗೆ ಕೊಟ್ಟುಬಿಟ್ಟ. 1672ರಲ್ಲಿ ಸಾಲ ಕೊಟ್ಟವರಿಗೆ ಮರಳಿಸುವುದನ್ನೇ ನಿಲ್ಲಿಸಿದ. ಇಂಗ್ಲೆಂಡಿನ ಖಾತೆ ಸುಧಾರಿಸಿದ್ದು 1688ರಲ್ಲಿ ಡಚ್ಚರ ವಿಲಿಯಮನೇ ಬಂದು ಮರುವರ್ಷ ಸಿಂಹಾಸನವೇರಿದ ಮೇಲೆ. ಸಾಲಕ್ಕೆ ಅರಸನ ಮಾತಿನ ಬದಲು ಪಾರ್ಲಿಮೆಂಟಿನ ತೆರಿಗೆ ಜಾಮೀನಾಯಿತು. 1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹುಟ್ಟಿ ಸರ್ಕಾರಕ್ಕೆ ನೂರಕ್ಕೆ ಎಂಟರ ಬಡ್ಡಿಯಲ್ಲಿ 12 ಲಕ್ಷ ಪೌಂಡ್ ಕೊಟ್ಟಿತು. ಅರುವತ್ತು ವರ್ಷಗಳಲ್ಲಿ ಆ ಬಡ್ಡಿ ಮೂರಕ್ಕೆ ಇಳಿದಿತ್ತು.

ಹದಿನೆಂಟನೆಯ ಶತಮಾನದ ಉಳಿದ ಕಥೆಯನ್ನು ಈ ಒಂದು ಅಂಕಿಯೇ ಹೇಳಿಮುಗಿಸುತ್ತದೆ. 1789ರ ಹೊತ್ತಿಗೆ ಫ್ರಾನ್ಸಿನಲ್ಲಿ 2.8 ಕೋಟಿ ಜನರಿದ್ದರು, ಬ್ರಿಟನ್ನಿನಲ್ಲಿ ಒಂದು ಕೋಟಿಯ ಆಸುಪಾಸು. ಫ್ರಾನ್ಸಿನ ತೋಟ ದೊಡ್ಡದು, ಜೀಪೂ ಇತ್ತು. ಅಮೆರಿಕದ ಯುದ್ಧದಲ್ಲಿ ಗೆದ್ದ ಪಕ್ಷದಲ್ಲೂ ಇತ್ತು. ಆ ಗೆಲುವಿನ ಸಾಲವೇ ಮುಳುವಾಗಿ 1788ರ ಆಗಸ್ಟಿನಲ್ಲಿ ಬೊಕ್ಕಸ ಪಾವತಿ ನಿಲ್ಲಿಸಿತು, ಮರುವರ್ಷದ ಮೇ ತಿಂಗಳಲ್ಲಿ ತೆರಿಗೆಗಾಗಿ ಮಹಾಸಭೆ ಕರೆಯಬೇಕಾಯಿತು, ಮುಂದಾದದ್ದು ಎಲ್ಲರಿಗೂ ಗೊತ್ತು. ನೆಪೋಲಿಯನ್ ಸಾಲ ನೆಚ್ಚದೆ ಗೆದ್ದ ನಾಡುಗಳಿಂದ ಸುಲಿದು ಯುದ್ಧ ನಡೆಸಿದ. 1803ರಲ್ಲಿ ಅವನು ಲೂಸಿಯಾನಾವನ್ನು ಅಮೆರಿಕಕ್ಕೆ ಒಟ್ಟು 1.5 ಕೋಟಿ ಡಾಲರಿಗೆ ಮಾರಿದಾಗ ಅಮೆರಿಕದ ಸಾಲಪತ್ರ ಕೊಂಡು ಹಣ ಹೊಂದಿಸಿದವರಲ್ಲಿ ಲಂಡನ್ನಿನ ಬೇರಿಂಗ್ ಮನೆತನವೂ ಇತ್ತು. ಶತ್ರು ತನ್ನ ಅರ್ಧ ಖಂಡವನ್ನು ಮಾರುವಾಗಲೂ ದಲಾಲಿ ಲಂಡನ್ನಿನದೇ! ಪ್ರಧಾನಿ ಪಿಟ್ ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಆದಾಯ ತೆರಿಗೆ ಹಾಕಿದ್ದೂ, ಶ್ರೀರಂಗಪಟ್ಟಣ ಬಿದ್ದು ನಮ್ಮ ಕೆನರಾ ಕಂಪನಿಯ ಪಾಲಾಗಿ ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದದ್ದೂ 1799ರಲ್ಲೇ ಎಂಬುದನ್ನು ಜಿಲ್ಲೆಯ ಓದುಗರು ಗಮನಿಸಲಿ.

ನನ್ನ ಅಳತೆಗೋಲಿಗೆ ಒಗ್ಗದ ಒಂದು ಹೆಸರಿದೆಯೆಂದು ಒಪ್ಪಿಕೊಳ್ಳುತ್ತೇನೆ: ರಷ್ಯಾ. ಅದರ ಕಾಗದದ ನೋಟಿಗೆ ಮರ್ಯಾದೆಯಿರಲಿಲ್ಲ, ಸಾಲ ಸುಲಭವಾಗಿ ಹುಟ್ಟುತ್ತಿರಲಿಲ್ಲ. ಆದರೂ 1812ರಲ್ಲಿ ನೆಪೋಲಿಯನ್ನನ ಮಹಾಸೈನ್ಯವನ್ನು ನುಂಗಿ, 1814ರಲ್ಲಿ ಪ್ಯಾರಿಸ್ಸಿನ ಬೀದಿಗಳಲ್ಲಿ ನಡೆಯಿತು. ಆ ವರ್ಷ ಅದಕ್ಕೂ ಬ್ರಿಟನ್ನಿನ ಹಣ ಸಂದಿತ್ತೆಂದು ಹೇಳಿ ನಾನು ನುಣುಚಿಕೊಳ್ಳಬಹುದು. ಆದರೆ ಮಾಸ್ಕೋದ ಹಾದಿಯಲ್ಲಿ ಹಿಮವೂ ದೂರವೂ ರೈತರೂ ಮಾಡಿದ್ದನ್ನು ಯಾವ ಖಾತೆಯಲ್ಲೂ ಬರೆಯಲಾಗುವುದಿಲ್ಲ.

ಹತ್ತೊಂಬತ್ತನೆಯ ಶತಮಾನ ಬ್ರಿಟನ್ನಿನದೆಂಬುದರಲ್ಲಿ ಪಟ್ಟಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ. 1815ರಲ್ಲಿ ಅದರ ಸಾಲ ರಾಷ್ಟ್ರೀಯ ಆದಾಯದ ಎರಡು ಪಟ್ಟಿನಷ್ಟಿತ್ತು, ಆದರೂ ಸಾಲ ಕೊಡುವವರು ಹಿಂಜರಿಯಲಿಲ್ಲ. ಆದರೆ ಆ ಪತ್ತಿನ ಹಿಂದಿನ ಜಾಮೀನಿನಲ್ಲಿ ನಮ್ಮ ಪಾಲೂ ಇತ್ತೆಂಬುದನ್ನು ಪುರವಣಿ ಬರೆದಿಲ್ಲ. ಮನ್ರೋ ಗೊತ್ತುಮಾಡಿ ಹೋದ ಭೂಕಂದಾಯದ ಭಾರದ ವಿರುದ್ಧ 1830–31ರಲ್ಲೇ ಕೆನರಾದ ರೈತರು ಕೂಟಗಳನ್ನು ಕಟ್ಟಿ ತೆರಿಗೆ ನಿಲ್ಲಿಸಿದ್ದರು. ನೂರು ವರ್ಷಗಳ ಮೇಲೆ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವೂ ಅಂಕೋಲೆ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆಯೂ ನಡೆದವು. ಸಿದ್ದಾಪುರದ ಬಳಿಯ ನನ್ನ ಅಜ್ಜನ ಮನೆಯಲ್ಲಿ ಜಪ್ತಿಗೆ ಬಂದವರು ಬಚ್ಚಲೊಲೆಯ ಮೇಲಿನ ತಾಮ್ರದ ಹಂಡೆಯನ್ನೇ ಎಬ್ಬಿಸಿ ಒಯ್ದರು. ಹಂಡೆ ಕೂತಿದ್ದ ಜಾಗದಲ್ಲಿ ಮಸಿ ಹಿಡಿದ ದುಂಡನೆಯ ಗುಂಡಿ ನಾನು ಹುಡುಗನಾಗಿದ್ದಾಗಲೂ ಹಾಗೇ ಇತ್ತು. ಪಕ್ಕದಲ್ಲಿ ಬೇರೆ ಒಲೆ ಹೂಡಿದ್ದರೇ ಹೊರತು ಅಜ್ಜಿ ಅದನ್ನು ಮುಚ್ಚಗೊಡಲಿಲ್ಲ. ಮೂರರ ಬಡ್ಡಿಗೆ ಲಂಡನ್ನಿನಲ್ಲಿ ಸಾಲ ಹುಟ್ಟುತ್ತಿದ್ದದ್ದು ಇಂಥ ಹಂಡೆಗಳ ಬಲದಿಂದಲೂ ಹೌದು.

ಕೊನೆಯದಾಗಿ ಪಟ್ಟಿಯಲ್ಲಿ ಎರಡು ತಿದ್ದುಪಡಿಗಳನ್ನು ಕೋರುತ್ತೇನೆ. ಬ್ರಿಟನ್ನಿನ ಎದುರು 1947 ಎಂದು ಅಂತ್ಯ ಬರೆಯಲಾಗಿದೆ. ಎರಡನೆಯ ಮಹಾಯುದ್ಧ ಮುಗಿದಾಗಲೇ ಬ್ರಿಟನ್ನು ಭಾರತಕ್ಕೆ ಸುಮಾರು 130 ಕೋಟಿ ಪೌಂಡ್ ಬಾಕಿ ಕೊಡಬೇಕಿತ್ತು; ಧಣಿ ಸಾಲಗಾರನಾಗಿದ್ದ. ಆದರೂ ಖಾತೆ ಪೂರ್ತಿ ಮುಚ್ಚಿದ್ದು 1956ರಲ್ಲಿ. ಅಕ್ಟೋಬರ್ 31ರಂದು ಬ್ರಿಟನ್ ಸುಯೆಜ್ ಕಾಲುವೆಗಾಗಿ ಈಜಿಪ್ತಿನ ಮೇಲೆ ಬಾಂಬು ಹಾಕತೊಡಗಿತು. ಮರುದಿನ, ನವೆಂಬರ್ 1ರಂದು, ನಮ್ಮ ಜಿಲ್ಲೆ ಮುಂಬಯಿ ರಾಜ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯವನ್ನು ಸೇರಿತು. ಪೌಂಡು ಕುಸಿಯುತ್ತಿತ್ತು, ಆಸರೆಯ ಸಾಲಕ್ಕೆ ಅಮೆರಿಕ ಒಪ್ಪಲಿಲ್ಲ, ಸೈನ್ಯ ಗೆಲ್ಲುತ್ತಿದ್ದರೂ ನವೆಂಬರ್ 6ರಂದು ಕದನ ನಿಲ್ಲಿಸಬೇಕಾಯಿತು. ಸಾಲ ಹುಟ್ಟದ ಆ ದಿನಾಂಕವನ್ನೇ ಅಲ್ಲಿ ಬರೆಯಿರಿ.

ಎರಡನೆಯದು, ಕುಮಟೆಯ ಓದುಗರ ಸಮಾಧಾನಕ್ಕಾಗಿಯಾದರೂ, ಪೋರ್ಚುಗಲ್ಲಿನ ಎದುರಿನ ಅಂತ್ಯದ ವರ್ಷ. ಹದಿನಾರನೆಯ ಶತಮಾನಕ್ಕೇ ಮುಗಿಯಿತೆಂದು ಪಟ್ಟಿ ಹೇಳುವ ಆ ಸಾಮ್ರಾಜ್ಯದ ಬಾವುಟ, ಹಾಲೆಂಡ್, ಫ್ರಾನ್ಸ್, ಬ್ರಿಟನ್ ಎಲ್ಲವೂ ಈ ಕರಾವಳಿಯಿಂದ ಹೋದಮೇಲೂ, ಕಾರವಾರದ ಕಣ್ಣೆದುರಿನ ಅಂಜುದೀವದ ಮೇಲೆ ಹಾರುತ್ತಲೇ ಇತ್ತು. ಅದನ್ನು ಇಳಿಸಲು 1961ರ ಡಿಸೆಂಬರಿನಲ್ಲಿ ಭಾರತೀಯ ನೌಕಾಪಡೆಯ ಏಳು ಮಂದಿ ಆ ದ್ವೀಪದಲ್ಲಿ ಪ್ರಾಣ ಕೊಟ್ಟರು.

ಇತಿ ತಮ್ಮ ವಿಶ್ವಾಸಿ,
ವಖಾರಿಯ ನಿವೃತ್ತ ಗುಮಾಸ್ತ, ಶಿರಸಿ